ಸಿನಾಯ್ ಬೆಟ್ಟಕ್ಕೆ ಹೋಗುವವರಿಗೆ: ಮೊದಲು ಮಠ, ಆಮೇಲೆ ಮೆಟ್ಟಿಲು

ಮೊದಲ ಸಲ ಹೋದಾಗ ನನಗೆ ಮಠದ ಗೋಡೆ ಮಾತ್ರ ಸಿಕ್ಕಿತು, ಒಳಗೆ ಕಾಲಿಡೋಕೆ ಆಗಲಿಲ್ಲ. ಅವತ್ತು ಶುಕ್ರವಾರ. ರಾತ್ರಿಯಿಡೀ ಬೆಟ್ಟ ಹತ್ತಿ, ಸೂರ್ಯೋದಯ ನೋಡಿ, ನಡುಗುವ ಕಾಲಲ್ಲಿ ಇಳಿದು ಬಂದರೆ ಬಾಗಿಲು ಹಾಕಿತ್ತು. ಪ್ರವಾಸ ಏರ್ಪಾಡು ಮಾಡಿದವರು ಈ ವಿಷಯ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತೆ. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ.

ಎರಡನೇ ಸಲ ಮೈಸೂರಿನ ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ಎರಡು ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ಮಠ, ಮಧ್ಯಾಹ್ನದ ಮೇಲೆ ಬೆಟ್ಟ, ಸಂಜೆ ತುದಿಯಲ್ಲಿ. ಅದೇ ಜಾಗ, ಆದರೆ ಮೊದಲ ಸಲ ನೋಡಿದ್ದು ಏನೂ ಅಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗುವ ಬಹಳಷ್ಟು ಜನ ನಾನು ಮೊದಲು ಮಾಡಿದ ಹಾಗೇ ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ.

ಜಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದ ದಕ್ಷಿಣ ಭಾಗದಲ್ಲಿ, ಕೆಂಪು ಗ್ರಾನೈಟ್ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಸೇಂಟ್ ಕ್ಯಾಥರೀನ್ ಮಠ ಇದೆ. ಕಟ್ಟಿಸಿದವನು ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ದೊರೆ ಜಸ್ಟಿನಿಯನ್, 6ನೇ ಶತಮಾನದಲ್ಲಿ. ಅವತ್ತಿಂದ ಇವತ್ತಿನವರೆಗೂ ಅಲ್ಲಿ ಸನ್ಯಾಸಿಗಳು ಇದ್ದಾರೆ, ಪ್ರಾರ್ಥನೆ ನಡೆಯುತ್ತಲೇ ಇದೆ. ಗ್ರೀಕ್ ಆರ್ಥೊಡಾಕ್ಸ್ ಸಂಪ್ರದಾಯದ ಮಠ ಇದು. 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮಠದ ಬೆನ್ನಿಗೇ 2,285 ಮೀಟರ್ ಎತ್ತರದ ಬೆಟ್ಟ. ಅಲ್ಲಿನ ಅರಬ್ಬಿಯಲ್ಲಿ ಜೆಬೆಲ್ ಮೂಸಾ, ಅಂದರೆ ಮೂಸಾನ (ಬೈಬಲಿನ ಪ್ರವಾದಿ ಮೋಶೆಯ) ಬೆಟ್ಟ. ಕನ್ನಡ ಬೈಬಲ್ ಓದಿದವರಿಗೆ ಇದು ಸೀನಾಯಿ ಬೆಟ್ಟ, ಮೋಶೆಗೆ ದೇವರು ಹತ್ತು ಆಜ್ಞೆಗಳನ್ನು ಕೊಟ್ಟ ಜಾಗ. ಮುಸ್ಲಿಮರಿಗೆ ತೂರ್ ಬೆಟ್ಟ. ಯಹೂದಿಗಳಿಗೂ ಸಿನಾಯ್ ಪವಿತ್ರವೇ. ಬೈಬಲಿನ ಬೆಟ್ಟ ನಿಜವಾಗಿ ಇದೇನಾ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಆದರೆ 4ನೇ ಶತಮಾನದಿಂದ ಯಾತ್ರಿಕರು ಇದನ್ನೇ ಆ ಬೆಟ್ಟ ಅಂತ ನಂಬಿ ಹತ್ತುತ್ತಾ ಬಂದಿದ್ದಾರೆ. ಸುಮಾರು 380ರ ದಶಕದಲ್ಲಿ ಎಗೇರಿಯಾ ಅನ್ನುವ ಹೆಂಗಸು ಇಲ್ಲಿಗೆ ಬಂದು ಹೋಗಿ, ತನ್ನ ಪ್ರಯಾಣದ ಬಗ್ಗೆ ಬರೆದಿಟ್ಟಿದ್ದಾಳೆ. ಸುತ್ತಿ ಬಳಸಿ ಹತ್ತುವ ಹಾಗಿಲ್ಲ, ಗೋಡೆ ಹತ್ತಿದ ಹಾಗೆ ನೇರ ಹತ್ತಬೇಕು ಅಂತಾಳೆ. ಆಗ ಈಗಿನ ಮಠವೂ ಇರಲಿಲ್ಲ, ಒಂಟೆ ದಾರಿಯೂ ಇರಲಿಲ್ಲ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಟಿಕೆಟ್ ತೆಗೆಯುವ ಮುಂಚೆ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಮಠ ಸಾಮಾನ್ಯವಾಗಿ ಶುಕ್ರವಾರ, ಭಾನುವಾರ ಮತ್ತು ಅವರ ಹಬ್ಬದ ದಿನಗಳಲ್ಲಿ ಪ್ರವಾಸಿಗರಿಗೆ ಮುಚ್ಚಿರುತ್ತದೆ. ತೆರೆದಿರುವ ದಿನಗಳಲ್ಲೂ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದ ಒಳಗೆ, ಹೆಚ್ಚೆಂದರೆ ಮೂರು ತಾಸು. ಉಳಿದ ಹೊತ್ತೆಲ್ಲ ಅದು ಸನ್ಯಾಸಿಗಳ ಮನೆ. ಹಬ್ಬಗಳನ್ನು ನೋಡುವಾಗ ಇನ್ನೊಂದು ವಿಷಯ ಗಮನದಲ್ಲಿರಲಿ: ಇವರು ಹಳೇ ಜೂಲಿಯನ್ ಕ್ಯಾಲೆಂಡರ್ ಅನುಸರಿಸುತ್ತಾರೆ, ಅದು ನಮ್ಮದಕ್ಕಿಂತ ಹದಿಮೂರು ದಿನ ಹಿಂದಿದೆ. ಸಂತ ಕ್ಯಾಥರೀನಳ ಹಬ್ಬ ಬೇರೆ ಕಡೆ ನವೆಂಬರ್ 25ಕ್ಕೆ ಬಂದರೆ ಇಲ್ಲಿ ಡಿಸೆಂಬರ್ 8ಕ್ಕೆ. ಕ್ರಿಸ್‌ಮಸ್ ಜನವರಿ 7ಕ್ಕೆ. ಈಸ್ಟರ್ ಕೂಡ ನಮ್ಮ ಚರ್ಚುಗಳ ದಿನಕ್ಕಿಂತ ಬೇರೆ ದಿನ ಬರುವುದೇ ಜಾಸ್ತಿ.

ಹಾಗಾಗಿ ಸೋಮವಾರ ಊರು ಸೇರಿ, ಮಂಗಳವಾರ ಮಠ ಮತ್ತು ಬೆಟ್ಟ, ಬುಧವಾರ ಹೊರಡುವುದು ಅಂತ ಇಟ್ಟುಕೊಂಡರೆ ಸಲೀಸು. ಏನಾದರೂ ಹೆಚ್ಚುಕಮ್ಮಿಯಾದರೆ ಬುಧವಾರ ಬೆಳಗ್ಗೆ ಇನ್ನೊಂದು ಅವಕಾಶ ಇರುತ್ತದೆ.

ಕಾಲ ಅಂದರೆ ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯದು. ಮರುಭೂಮಿ ಅಂದ ತಕ್ಷಣ ನಮಗೆ ಬಿಸಿಲೇ ನೆನಪಾಗುತ್ತದೆ, ಅಲ್ವಾ? ಆದರೆ ಮಠ ಇರುವುದೇ 1,500 ಮೀಟರಿಗಿಂತ ಎತ್ತರದಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕೆಲವು ವರ್ಷ ಹಿಮವೂ ಬೀಳುತ್ತದೆ.

ಊರು ಸೇರುವುದು

ಮೂರು ದಾರಿ. ಕೆಂಪು ಸಮುದ್ರದ ದಡದ ದಹಾಬ್ ಊರಿಂದ ಸುಮಾರು ಎರಡು ಗಂಟೆ. ಶರ್ಮ್ ಎಲ್ ಶೇಖ್‌ನಿಂದ ಮೂರು ಗಂಟೆ. ಕೈರೋದಿಂದ ಆರೇಳು ಗಂಟೆ. ಕೈರೋದಿಂದ ಬಂದರೆ ಸೂಯೆಜ್ ಕಾಲುವೆಯ ಅಡಿಯ ಸುರಂಗದಲ್ಲಿ ದಾಟಿ, ಸಮುದ್ರದ ಪಕ್ಕದಲ್ಲೇ ಇಳಿದು, ಫೈರಾನ್ ಕಣಿವೆಯ ಖರ್ಜೂರದ ತೋಪಿನ ನಡುವೆ ಬರುತ್ತೀರಿ. ದೂರ ಜಾಸ್ತಿ, ಆದರೆ ಆ ತೋಪು ನೋಡಿದ ಮೇಲೆ ಬೇಜಾರಾಗಲ್ಲ. ಗಂಟೆಗಟ್ಟಲೆ ಬರೀ ಕಲ್ಲು ನೋಡಿದ ಕಣ್ಣಿಗೆ ಅಷ್ಟು ಹಸಿರು ಒಂದೇ ಸಲ ಸಿಗುತ್ತದೆ. ನಮ್ಮ ಕಡೆಯಿಂದ ಈಜಿಪ್ಟ್, ಇಸ್ರೇಲ್, ಜೋರ್ಡಾನ್ ಸೇರಿಸಿ ಪವಿತ್ರ ನಾಡಿನ ಯಾತ್ರೆಗೆ ಹೋಗುವ ಗುಂಪುಗಳೂ ಹೆಚ್ಚಾಗಿ ಇದೇ ರಸ್ತೆಯಲ್ಲಿ ಬರುತ್ತವೆ. ಅಂಥ ಗುಂಪಲ್ಲಿ ಹೋಗುವುದಾದರೆ ಹಣ ಕಟ್ಟುವ ಮುಂಚೆಯೇ ಕೇಳಿ: ಮಠದ ಒಳಗೆ ಹೋಗುವುದು ಯಾವ ದಿನ, ಎಷ್ಟು ಹೊತ್ತು?

ದಾರಿಯಲ್ಲಿ ಚೆಕ್‌ಪೋಸ್ಟ್‌ಗಳು ತುಂಬಾ. ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ, ಕೈಗೆ ಸಿಗುವ ಹಾಗಿರಲಿ. ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್ ನಾಲ್ಕೈದು ಇದ್ದರೆ ಒಳ್ಳೆಯದು. ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ಮುಂಚೆಯೇ ಮಾಡಿಸಿಕೊಂಡು ಹೋಗಿ. ಬೇರೆ ದೇಶದ ಸ್ನೇಹಿತರು ಏರ್‌ಪೋರ್ಟಿನಲ್ಲೇ ಮುದ್ರೆ ಒತ್ತಿಸಿಕೊಂಡೆವು ಅಂದರೆ ಅದು ನಮಗೂ ಅನ್ವಯಿಸುತ್ತದೆ ಅಂತ ತಿಳಿಯಬೇಡಿ.

ಉಳಿಯುವುದಕ್ಕೆ ಮಠದಿಂದ ಮೂರು ಕಿಲೋಮೀಟರ್ ಆಚೆ ಸಣ್ಣ ಊರಿದೆ. ಬೆಡೂಯಿನ್, ಅಂದರೆ ಮರುಭೂಮಿಯ ಅರಬ್ ಬುಡಕಟ್ಟಿನ ಮನೆತನಗಳು ನಡೆಸುವ ಕ್ಯಾಂಪ್‌ಗಳಿವೆ, ಹೋಟೆಲ್‌ಗಳಿವೆ. ನನ್ನ ಸಲಹೆ ಕ್ಯಾಂಪ್. ರೂಮು ಸಾದಾ, ಆದರೆ ಬೆಟ್ಟದ ಬಗ್ಗೆ ಏನು ಕೇಳಿದರೂ ಗೊತ್ತಿರುವ ಜನ ಅಲ್ಲಿರುತ್ತಾರೆ. ಸಸ್ಯಾಹಾರಿಗಳಿಗೆ ಹೆದರಿಕೆ ಬೇಡ. ಬೇಳೆ ಸೂಪು, ಅನ್ನ, ಬೇಯಿಸಿದ ಕಾಳಿನ ಫೂಲ್, ಅದೇ ಕಾಳಿನ ವಡೆಯಂಥ ತಾಮೀಯ ಎಲ್ಲ ಕಡೆ ಸಿಗುತ್ತದೆ. ಬೆಡೂಯಿನ್ನರು ಕಾವಲಿ ಮಗುಚಿ ಹಾಕಿದ ಹಾಗಿರುವ ಕಬ್ಬಿಣದ ತಟ್ಟೆಯ ಮೇಲೆ ತೆಳ್ಳಗೆ ರೊಟ್ಟಿ ಸುಡುತ್ತಾರೆ. ಚಿಕ್ಕಮ್ಮ ಅದಕ್ಕೆ ಮೈಸೂರಿಂದ ತಂದ ಚಟ್ನಿಪುಡಿ ಹಾಕಿ ಸುತ್ತಿ, ಅಡುಗೆ ಮಾಡುತ್ತಿದ್ದ ಹೆಂಗಸಿಗೂ ಒಂದು ಕೊಟ್ಟರು. ಆಕೆ ಪುಡಿಯ ಡಬ್ಬಿ ಮುಚ್ಚಳ ತೆಗೆದು ಮತ್ತೆ ಮತ್ತೆ ಮೂಸಿ ನೋಡಿದರು.

ಈಗ ಈ ಕಣಿವೆಯಲ್ಲಿ ಕಟ್ಟಡ ಕೆಲಸ ಜೋರಾಗಿ ನಡೆಯುತ್ತಿದೆ ಅನ್ನುವುದನ್ನೂ ಹೇಳಬೇಕು. ಈಜಿಪ್ಟ್ ಸರ್ಕಾರ 2021ರಿಂದ ಇಲ್ಲಿ ದೊಡ್ಡ ಪ್ರವಾಸೋದ್ಯಮ ಯೋಜನೆ ಶುರುಮಾಡಿದೆ, ಹೊಸ ಹೋಟೆಲ್‌ಗಳು ಏಳುತ್ತಿವೆ. 2025ರ ಮೇ ತಿಂಗಳಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಮಠದ ಜಾಗದ ಒಡೆತನ ಸರ್ಕಾರದ್ದು, ಬಳಸುವ ಹಕ್ಕು ಸನ್ಯಾಸಿಗಳದ್ದು ಅಂತ ತೀರ್ಪು ಕೊಟ್ಟಿತು. ಗ್ರೀಸ್‌ನಲ್ಲಿ ಇದಕ್ಕೆ ಜೋರು ವಿರೋಧ ಬಂತು. ಸದ್ದೇ ಇಲ್ಲದ ಕಣಿವೆ ಅಂತ ನೂರಾರು ವರ್ಷ ಹೆಸರಾಗಿದ್ದ ಜಾಗ ಇದು. ಈಗ ಆ ಮೌನ ಕೇಳಬೇಕೆಂದರೆ ಊರು ಬಿಟ್ಟು ಮೇಲಕ್ಕೆ ಹೋಗಬೇಕು. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಚೀಲದಲ್ಲಿ ಏನಿರಬೇಕು

ಹೆಡ್‌ಲ್ಯಾಂಪ್ ಬೇಕೇ ಬೇಕು. ಕೈಯಲ್ಲಿ ಹಿಡಿಯುವ ಟಾರ್ಚ್ ಅಥವಾ ಮೊಬೈಲ್ ಬೆಳಕು ಸಾಲದು, ಯಾಕೆಂದರೆ ಎರಡೂ ಕೈ ಖಾಲಿ ಇರಬೇಕು. ಹಿಡಿತ ಇರುವ ಶೂ. ತೆಳು ಬಟ್ಟೆ ಎರಡು ಮೂರು ಪದರ, ಮೇಲೊಂದು ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ. ಹತ್ತುವಾಗ ಬೆವರುತ್ತೀರಿ, ತುದಿಯಲ್ಲಿ ಕೂತ ಐದೇ ನಿಮಿಷಕ್ಕೆ ಆ ಬೆವರು ತಣ್ಣಗಾಗಿ ಮೈ ನಡುಗುತ್ತದೆ. ಒಂದು ಒಣಗಿದ ಬನಿಯನ್ ಇಟ್ಟುಕೊಂಡಿದ್ದು ಮೇಲೆ ಬದಲಾಯಿಸಿ. ಇದೊಂದು ಮಾತು ಮರೀಬೇಡಿ.

ನೀರು ತಣ್ಣಗಿನ ದಿನಗಳಲ್ಲಿ ತಲೆಗೆ ಎರಡು ಲೀಟರ್, ಬಿಸಿಲಲ್ಲಿ ಮೂರು. ತಿನ್ನೋಕೆ ಶೇಂಗಾ ಚಿಕ್ಕಿ, ಹುರಿಗಡಲೆ, ಖರ್ಜೂರ. ಈಜಿಪ್ಟಿನ ಪೌಂಡ್ ಚಿಲ್ಲರೆ ನೋಟುಗಳಲ್ಲಿ ಇರಲಿ. ಮಂಡಿ ನೋವಿದ್ದವರು ಊರುಗೋಲು ಒಂದಲ್ಲ, ಎರಡು ತನ್ನಿ. ಮಠಕ್ಕೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ ಗಂಡಸರಿಗೂ ಹೆಂಗಸರಿಗೂ ಬೇಕು. ಚಿಕ್ಕಮ್ಮನ ಚೂಡಿದಾರ್, ದುಪಟ್ಟಾ ಎಲ್ಲದಕ್ಕೂ ಸರಿಹೋಯಿತು.

ಬೆಳಗ್ಗೆ ಮಠ

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಾಗಿಲ ಹತ್ತಿರ ಇರಿ. ಹತ್ತು ಗಂಟೆ ಮೇಲೆ ಬಸ್ಸುಗಳು ಬರುತ್ತವೆ. ಆಮೇಲೆ ಒಳಗೆ ನಿಲ್ಲೋಕೂ ಜಾಗ ಇರಲ್ಲ.

ಒಳಗೆ ಹೋಗುವ ಮುಂಚೆ ಗೋಡೆ ನೋಡಿ. ಎರಡು ಮೂರು ಮೀಟರ್ ದಪ್ಪದ ಗ್ರಾನೈಟ್ ಗೋಡೆ. ಇದು ಸುಮ್ನೆ ಮಠ ಅಲ್ಲ, ಕೋಟೆ. ಗೋಡೆಯ ಮೇಲ್ಭಾಗದಲ್ಲಿ ಮರದ ಗೂಡಿನಂಥದ್ದು ಒಂದು ಹೊರಚಾಚಿಕೊಂಡಿದೆ. ಬಹಳ ಕಾಲ ಇಲ್ಲಿಗೆ ಬಂದವರನ್ನು ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂರಿಸಿ ರಾಟೆಯಿಂದ ಅಲ್ಲಿಗೆ ಎಳೆದುಕೊಳ್ಳುತ್ತಿದ್ದರು. ನೆಲದ ಮಟ್ಟದಲ್ಲಿ ಬಾಗಿಲೇ ತೆರೆಯುತ್ತಿರಲಿಲ್ಲ. ದಾಳಿಯ ಭಯ ಅಷ್ಟಿತ್ತು.

ಒಳಗೆ ಚರ್ಚು. ಫೋಟೋ ತೆಗೆಯೋಕೆ ಬಿಡಲ್ಲ. ಹನ್ನೆರಡು ಗ್ರಾನೈಟ್ ಕಂಬ, ಮೇಲಿಂದ ಇಳಿಬಿಟ್ಟ ದೀಪಗಳು, ಸಾಂಬ್ರಾಣಿ ವಾಸನೆ. ಬಲಿಪೀಠದ ಮೇಲಿನ ಅರೆಗುಮ್ಮಟದಲ್ಲಿ 6ನೇ ಶತಮಾನದ ಮೊಸಾಯಿಕ್ ಇದೆ, ಶಿಷ್ಯರ ಕಣ್ಣೆದುರೇ ಯೇಸು ಬೆಳಕಿನ ರೂಪ ತಾಳಿದ, ‘ರೂಪಾಂತರ’ ಅನ್ನುವ ಘಟನೆಯದು. ಚಿನ್ನದ ಬಣ್ಣದ ಹಿನ್ನೆಲೆಯಲ್ಲಿ ಯೇಸು, ಒಂದು ಪಕ್ಕ ಮೋಶೆ, ಇನ್ನೊಂದು ಪಕ್ಕ ಬೈಬಲಿನ ಇನ್ನೊಬ್ಬ ಪ್ರವಾದಿ ಎಲೀಯ. ಈ ಇಬ್ಬರಿಗೂ ಈ ಬೆಟ್ಟದ ಜೊತೆ ಸಂಬಂಧ ಇದೆ, ಅದು ನಿಮಗೆ ಮಧ್ಯಾಹ್ನ ಹತ್ತುವಾಗ ಗೊತ್ತಾಗುತ್ತದೆ. ಬಲಿಪೀಠದ ಮುಂದೆ ಇರುವ, ಸಂತರ ಚಿತ್ರಗಳ ಪರದೆ ಅಡ್ಡ ಬರುವುದರಿಂದ ಪೂರ್ತಿ ಕಾಣಲ್ಲ. ಸ್ವಲ್ಪ ಸರಿದು, ಕತ್ತು ಎತ್ತಿ ನೋಡಬೇಕು.

ಮಠ ಯಾವಾಗ ಕಟ್ಟಿದ್ದು ಅಂತ ಹೇಗೆ ಗೊತ್ತಾಯಿತು ಅನ್ನುವ ಕಥೆ ನನಗೆ ತುಂಬಾ ಇಷ್ಟ. ಚಾವಣಿಯ ಮರದ ತೊಲೆಗಳ ಮೇಲೆ ಅಕ್ಷರ ಕೆತ್ತಿದ್ದಾರೆ. ಅದರಲ್ಲಿ ದೊರೆ ಜಸ್ಟಿನಿಯನ್‌ಗೆ ಒಳ್ಳೆಯದಾಗಲಿ ಅಂತ ಇದೆ, ಅವನ ಹೆಂಡತಿ ಥಿಯೊಡೋರಾಳ ನೆನಪಿಗೆ ಅಂತ ಇದೆ. ಅಂದರೆ ರಾಣಿ ಆಗಲೇ ತೀರಿಕೊಂಡಿದ್ದಳು, ರಾಜ ಇನ್ನೂ ಬದುಕಿದ್ದ. ಅವಳು ತೀರಿಕೊಂಡಿದ್ದು 548ರಲ್ಲಿ, ಅವನು 565ರಲ್ಲಿ. ಚರ್ಚು ಈ ಎರಡು ವರ್ಷಗಳ ನಡುವೆ ಎದ್ದಿರಬೇಕು. ಕಟ್ಟಿದವನ ಹೆಸರೂ ಆ ತೊಲೆಗಳಲ್ಲೇ ಇದೆ: ಐಲಾ ಊರಿನ ಸ್ಟೆಫನೋಸ್.

ಚರ್ಚಿನ ಹಿಂದೆ ಉರಿಯುವ ಪೊದೆಯ ಗುಡಿ. ಬೆಂಕಿ ಹತ್ತಿದ್ದರೂ ಸುಟ್ಟುಹೋಗದ ಮುಳ್ಳಿನ ಪೊದೆಯೊಳಗಿಂದ ದೇವರು ಮೋಶೆಯ ಜೊತೆ ಮಾತಾಡಿದ, ‘ನೀನು ನಿಂತಿರುವುದು ಪವಿತ್ರ ಭೂಮಿ, ಕಾಲಿನ ಕೆರ ಬಿಡು’ ಅಂದ ಅನ್ನುವುದು ಬೈಬಲಿನ ವಿಮೋಚನಕಾಂಡದ ಕಥೆ. ಇವತ್ತಿಗೂ ಆ ಗುಡಿಗೆ ಹೋಗುವವರು ಚಪ್ಪಲಿ ಬಿಟ್ಟೇ ಹೋಗಬೇಕು. ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಎಲ್ಲ ದಿನ ಬಿಡಲ್ಲ. ಆದರೆ ಹೊರಗೆ ಪೊದೆ ಕಾಣುತ್ತದೆ. ಕಲ್ಲಿನ ಕಟ್ಟೆಯ ಮೇಲಿಂದ ಹಸಿರು ಬಳ್ಳಿಗಳು ಜೋತುಬಿದ್ದಿವೆ. ಎಲೆ ಕೀಳಬೇಡಿ, ಕಿತ್ತೂ ಕಿತ್ತೂ ಕೈಗೆಟುಕುವ ಎತ್ತರದಲ್ಲಿ ಬೋಳಾಗಿದೆ. ಅಲ್ಲೇ ಹತ್ತಿರ ಮೋಶೆಯ ಬಾವಿ ಇದೆ. ತನ್ನ ಹೆಂಡತಿಯಾಗುವವಳನ್ನು ಅವನು ಮೊದಲು ಕಂಡಿದ್ದು ಈ ಬಾವಿಯ ಹತ್ತಿರ ಅಂತ ನಂಬಿಕೆ.

ಗಂಟೆಗೋಪುರದ ಎದುರಿಗೇ ಒಂದು ಮಿನಾರ್ ಕಾಣುತ್ತದೆ, ಬೆರಗಾಗಬೇಡಿ. ಮಠದ ಗೋಡೆಯ ಒಳಗೇ, ಈಜಿಪ್ಟ್ ಆಳಿದ ಫಾತಿಮಿದ್ ಮುಸ್ಲಿಂ ದೊರೆಗಳ ಕಾಲದ ಮಸೀದಿ ಇದೆ. ಪ್ರವಾದಿ ಮುಹಮ್ಮದರು ಈ ಮಠಕ್ಕೆ ಕೊಟ್ಟರು ಅನ್ನುವ ಅಭಯಪತ್ರದ ಪ್ರತಿಯನ್ನೂ ಸನ್ಯಾಸಿಗಳು ಕಾಪಾಡಿಕೊಂಡು ಬಂದಿದ್ದಾರೆ, ಅದರಲ್ಲಿ ಅಂಗೈ ಗುರುತಿದೆ. ಸಾವಿರದ ನಾನೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಸುತ್ತಲೂ ರಾಜ್ಯಗಳು ಬದಲಾದವು, ಈ ಮಠ ಉಳಿಯಿತು. ಅಕ್ಕಪಕ್ಕದವರ ಜೊತೆ ಇದ್ದು ಬಾಳಿದ್ದಕ್ಕೇ ಉಳಿಯಿತು ಅಂತ ನನಗೆ ಅನ್ನಿಸುತ್ತದೆ.

ಹೊತ್ತು ಕಮ್ಮಿ ಇದ್ದರೆ ಬೇರೆ ಏನು ಬಿಟ್ಟರೂ ಮ್ಯೂಸಿಯಂ ಬಿಡಬೇಡಿ. ಪ್ರತ್ಯೇಕ ಟಿಕೆಟ್, ಪರವಾಗಿಲ್ಲ, ತಗೊಳ್ಳಿ. ಅಲ್ಲಿ 6ನೇ ಶತಮಾನದ ಯೇಸುವಿನ ಚಿತ್ರ ಇದೆ. ಮರದ ಹಲಗೆಯ ಮೇಲೆ, ಕಾಯಿಸಿದ ಮೇಣದಲ್ಲಿ ಬಣ್ಣ ಕಲಸಿ ಬರೆದದ್ದು. ಎತ್ತರ ಒಂದು ಮೀಟರ್ ಕೂಡ ಇಲ್ಲ. ಮುಂದೆ ನಿಂತು ಒಂದು ಕೆಲಸ ಮಾಡಿ. ಅಂಗೈ ಅಡ್ಡ ಹಿಡಿದು ಮುಖದ ಅರ್ಧ ಭಾಗ ಮರೆಮಾಡಿ, ಉಳಿದ ಅರ್ಧ ನೋಡಿ. ಆಮೇಲೆ ಆ ಕಡೆಯದು. ಒಂದು ಪಕ್ಕದ ಕಣ್ಣು ಶಾಂತವಾಗಿದೆ, ನಿಮ್ಮ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ. ಇನ್ನೊಂದು ಪಕ್ಕದ ಹುಬ್ಬು ಮೇಲೆದ್ದಿದೆ, ಕಣ್ಣು ದೊಡ್ಡದು, ತುಟಿಯ ಕೊನೆ ಗಡುಸಾಗಿದೆ. ಒಂದೇ ಮುಖದಲ್ಲಿ ಕರುಣೆ, ನ್ಯಾಯ ಎರಡೂ. ಚಿಕ್ಕಮ್ಮ ಎರಡು ಸಲ ಹಾಗೆ ನೋಡಿ, ‘ಇವನಿಗೆ ಸುಳ್ಳು ಹೇಳೋಕಾಗಲ್ಲ ಕಣೇ’ ಅಂದರು.

ಇಂಥ ಚಿತ್ರ ಉಳಿದದ್ದಕ್ಕೆ ಕಾರಣ ಇದೆ. 8 ಮತ್ತು 9ನೇ ಶತಮಾನದಲ್ಲಿ ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ದೇವರ ಚಿತ್ರ ಇಡಬಾರದು ಅನ್ನುವ ಚಳವಳಿ ಎದ್ದು ಸಾವಿರಾರು ಚಿತ್ರಗಳನ್ನು ನಾಶಮಾಡಿದರು. ಆಗ ಸಿನಾಯ್ ಮುಸ್ಲಿಂ ಆಡಳಿತದಲ್ಲಿತ್ತು. ಚಕ್ರವರ್ತಿಯ ಆಜ್ಞೆ ಇಲ್ಲಿಗೆ ಮುಟ್ಟಲಿಲ್ಲ.

ಗ್ರಂಥಾಲಯಕ್ಕೆ ಪ್ರವಾಸಿಗರನ್ನು ಬಿಡಲ್ಲ, ಕೆಲವು ಹಸ್ತಪ್ರತಿಗಳು ಮ್ಯೂಸಿಯಂನಲ್ಲೇ ಇವೆ. ಜಗತ್ತಿನ ಅತಿ ಹಳೆಯ ಬೈಬಲ್ ಪ್ರತಿಗಳಲ್ಲಿ ಒಂದಾದ 4ನೇ ಶತಮಾನದ ಕೋಡೆಕ್ಸ್ ಸಿನೈಟಿಕಸ್ ಇಲ್ಲಿಯದು. ಟಿಶೆನ್‌ಡಾರ್ಫ್ ಅನ್ನುವ ಜರ್ಮನ್ ವಿದ್ವಾಂಸ 1844ರಲ್ಲಿ 43 ಹಾಳೆ ಒಯ್ದ, 1859ರಲ್ಲಿ ಉಳಿದ ದೊಡ್ಡ ಭಾಗವನ್ನು ವಾಪಸ್ ಕೊಡುತ್ತೇನೆ ಅಂತ ಬರೆದುಕೊಟ್ಟು ಒಯ್ದ. ಅದು ರಷ್ಯಾದ ಚಕ್ರವರ್ತಿಯ ಕೈ ಸೇರಿತು. 1933ರಲ್ಲಿ ಸೋವಿಯತ್ ಸರ್ಕಾರ ಒಂದು ಲಕ್ಷ ಪೌಂಡಿಗೆ ಬ್ರಿಟನ್‌ಗೆ ಮಾರಿತು. ಈಗ ಹೆಚ್ಚಿನ ಭಾಗ ಲಂಡನ್ನಿನಲ್ಲಿದೆ. 1975ರಲ್ಲಿ ಮಠದ ಮುಚ್ಚಿಹೋಗಿದ್ದ ಕೋಣೆಯೊಂದರಲ್ಲಿ ರಾಶಿ ಹಸ್ತಪ್ರತಿ ಸಿಕ್ಕಿದಾಗ ಅದೇ ಗ್ರಂಥದ ಇನ್ನಷ್ಟು ಹಾಳೆಗಳು ಸಿಕ್ಕವು. ಅವು ಇಲ್ಲೇ ಇವೆ.

ಹೊರಗಿನ ತೋಟದಲ್ಲಿ ತಲೆಬುರುಡೆಗಳ ಮನೆ ಇದೆ, ತೆರೆದಿದ್ದರೆ ನೋಡಿ. ಹೂಳುವ ಜಾಗ ಕಮ್ಮಿ. ಹಾಗಾಗಿ ತೀರಿಕೊಂಡ ಸನ್ಯಾಸಿಗಳ ಮೂಳೆಗಳನ್ನು ಕೆಲಕಾಲದ ಮೇಲೆ ತೆಗೆದು ಇಲ್ಲಿ ಒಟ್ಟುತ್ತಾರೆ. ಅದರಲ್ಲಿ ಒಬ್ಬರು ಮಾತ್ರ ನಿಲುವಂಗಿ ತೊಟ್ಟು ಕೂತ ಹಾಗೇ ಇದ್ದಾರೆ: ಸಂತ ಸ್ಟೀಫನ್, 6ನೇ ಶತಮಾನದವರು. ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಕೂತು, ಹತ್ತಿ ಬರುವವರು ತಮ್ಮ ತಪ್ಪು ಒಪ್ಪಿಕೊಂಡ ಮೇಲೇ ಮುಂದೆ ಬಿಡುತ್ತಿದ್ದವರು ಇವರೇ.

ಯಾವ ದಾರಿ, ಯಾವ ಹೊತ್ತು

ಮಠದಿಂದ ತುದಿಗೆ ಎರಡು ದಾರಿ. ಒಂದು ಒಂಟೆ ದಾರಿ, 19ನೇ ಶತಮಾನದಲ್ಲಿ ಈಜಿಪ್ಟಿನ ಅಬ್ಬಾಸ್ ಪಾಷಾ ಕಾಲದಲ್ಲಿ ಮಾಡಿಸಿದ್ದು. ಅಗಲವಾಗಿದೆ, ಸುತ್ತಿ ಸುತ್ತಿ ನಿಧಾನ ಏರುತ್ತದೆ. ಇನ್ನೊಂದು ಪಶ್ಚಾತ್ತಾಪದ ಮೆಟ್ಟಿಲು. ಸನ್ಯಾಸಿಗಳು ಕಲ್ಲು ಜೋಡಿಸಿ ಮಾಡಿದ ಸುಮಾರು 3,750 ಮೆಟ್ಟಿಲು, ಮಠದ ಹಿಂದಿನಿಂದ ನೇರ ಮೇಲಕ್ಕೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಮೂರೂವರೆ ಸಲಕ್ಕಿಂತ ಜಾಸ್ತಿ ಹತ್ತಿದ ಲೆಕ್ಕ. ಆದರೆ ಚಾಮುಂಡಿ ಬೆಟ್ಟದ ಹಾಗೆ ಒಂದೇ ಅಳತೆಯ ಮೆಟ್ಟಿಲಲ್ಲ. ಒಂದು ಗೇಣು ಎತ್ತರ ಇದ್ದರೆ ಮುಂದಿನದು ಮಂಡಿಯುದ್ದ. ಎರಡೂ ದಾರಿ ಮೇಲೆ ಒಂದು ಕಡೆ ಸೇರುತ್ತವೆ. ಅಲ್ಲಿಂದ ಕೊನೆಯ 750 ಮೆಟ್ಟಿಲು ಎಲ್ಲರಿಗೂ ಒಂದೇ. ಒಂಟೆ ಅಲ್ಲಿಗೆ ನಿಂತುಬಿಡುತ್ತದೆ.

ನಿಯಮ ಒಂದೇ: ಮೆಟ್ಟಿಲ ದಾರಿ ಬೆಳಕಲ್ಲಿ, ಒಂಟೆ ದಾರಿ ಕತ್ತಲಲ್ಲಿ. ಸೂರ್ಯೋದಯಕ್ಕೆ ಹೋಗುವವರು ರಾತ್ರಿ ಒಂದು ಎರಡು ಗಂಟೆಗೆ ಒಂಟೆ ದಾರಿಯಲ್ಲಿ ಹತ್ತಿ, ಬೆಳಗಾದ ಮೇಲೆ ಮೆಟ್ಟಿಲಲ್ಲಿ ಇಳಿಯಲಿ. ಸೂರ್ಯಾಸ್ತಕ್ಕೆ ಹೋಗುವವರು ಮಧ್ಯಾಹ್ನ ಹೊರಟು, ಗಟ್ಟಿ ಕಾಲಿದ್ದರೆ ಮೆಟ್ಟಿಲು, ಇಲ್ಲದಿದ್ದರೆ ಒಂಟೆ ದಾರಿ ಹಿಡಿದು, ರಾತ್ರಿ ಒಂಟೆ ದಾರಿಯಲ್ಲೇ ಇಳಿಯಲಿ.

ನನ್ನ ಮನಸ್ಸು ಸೂರ್ಯಾಸ್ತಕ್ಕೆ. ಸೂರ್ಯೋದಯಕ್ಕೆ ಜನಜಂಗುಳಿ, ಕತ್ತಲಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣಲ್ಲ, ನಿದ್ದೆ ಇಲ್ಲದ ಕಣ್ಣಲ್ಲಿ ಆಮೇಲೆ ಮಠವೂ ಮಂಜು ಮಂಜು. ಸಂಜೆ ಹೋದರೆ ದಾರಿಯುದ್ದಕ್ಕೂ ಬೆಟ್ಟ ಕಾಣುತ್ತದೆ, ಜನ ಕಮ್ಮಿ, ಇಳಿಯುವಾಗ ಆಕಾಶದ ತುಂಬ ನಕ್ಷತ್ರ. ಯಾತ್ರೆಯ ಹರಕೆ ಹೊತ್ತು ಬಂದವರಿಗೆ ಸೂರ್ಯೋದಯವೇ ಬೇಕು ಅನ್ನಿಸಬಹುದು. ಅವರು ಹಿಂದಿನ ದಿನ ಮಧ್ಯಾಹ್ನ ನಿದ್ದೆ ಮಾಡಿಕೊಂಡೇ ಹೊರಡಲಿ.

ಸ್ಥಳೀಯ ಗೈಡ್ ಇಲ್ಲದೆ ಬೆಟ್ಟಕ್ಕೆ ಬಿಡಲ್ಲ. ಗೈಡ್‌ಗಳು ಜೆಬೆಲಿಯಾ ಬುಡಕಟ್ಟಿನ ಬೆಡೂಯಿನ್ನರು. ಜೆಬೆಲ್ ಅಂದರೆ ಬೆಟ್ಟ, ಜೆಬೆಲಿಯಾ ಅಂದರೆ ಬೆಟ್ಟದವರು. ಮಠ ಕಾಯೋಕೆ ಜಸ್ಟಿನಿಯನ್ ಕಳಿಸಿದ ಜನರ ವಂಶ ತಮ್ಮದು ಅಂತ ಅವರು ಹೇಳಿಕೊಳ್ಳುತ್ತಾರೆ. ಈಗ ಅವರು ಮುಸ್ಲಿಮರು, ಮಠದ ಕೆಲಸ ಇವತ್ತಿಗೂ ಮಾಡುತ್ತಾರೆ. ಗೈಡ್ ಫೀಸು, ಒಂಟೆ ಬಾಡಿಗೆ ಎರಡನ್ನೂ ಹೊರಡುವ ಮುಂಚೆ ಬಾಯಿಬಿಟ್ಟು ಮಾತಾಡಿಕೊಳ್ಳಿ: ಎಲ್ಲಿಂದ ಎಲ್ಲಿಗೆ, ಒಂದು ಕಡೆಗಾ ಎರಡು ಕಡೆಗಾ. ಬೇಡ ಅಂದರೆ ‘ಲಾ, ಶುಕ್ರನ್’ ಅಂತ ನಗುತ್ತಾ ಹೇಳಿದರೆ ಸಾಕು. ಅವರ ಹೊಟ್ಟೆಪಾಡು ಅದು, ಮುಖ ಸಿಂಡರಿಸಬೇಡಿ.

ಹತ್ತುವಾಗ

ನಾವು ಮಧ್ಯಾಹ್ನ ಒಂದು ಗಂಟೆಗೆ ಹೊರಟೆವು. ಚಿಕ್ಕಮ್ಮ ಒಂಟೆ ದಾರಿಯ ಮೊದಲ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೈಸೂರಲ್ಲಿ ಚಾಮುಂಡಿ ಬೆಟ್ಟದ ಮೊದಲ ಮೆಟ್ಟಿಲಿಗೆ ಮಾಡುವ ಹಾಗೇ. ಗೈಡ್ ನೋಡಿದರು, ಏನೂ ಕೇಳಲಿಲ್ಲ, ತಲೆ ಆಡಿಸಿ ಮುಂದೆ ನಡೆದರು. ಆಮೇಲೆ ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು: ‘ಶ್ವಯ್ಯ, ಶ್ವಯ್ಯ.’ ನಿಧಾನ, ನಿಧಾನ.

ಅದೇ ಸರಿಯಾದ ಲೆಕ್ಕ. ಮಠದಿಂದ ತುದಿಗೆ ಏಳುನೂರು ಮೀಟರ್ ಚಿಲ್ಲರೆ ಏರಬೇಕು. ಮಾತಾಡುತ್ತಾ ಹತ್ತುವಷ್ಟು ಉಸಿರು ಇರಬೇಕು, ಅದಕ್ಕಿಂತ ಜೋರಾಗಿ ಹೋಗಬೇಡಿ. ಎರಡೂವರೆಯಿಂದ ಮೂರು ಗಂಟೆ ಸಾಕು. ವಯಸ್ಸಾದವರ ಜೊತೆ ನಾಲ್ಕು ಇಟ್ಟುಕೊಳ್ಳಿ. ದಾರಿಯಲ್ಲಿ ಅಲ್ಲಲ್ಲಿ ಬೆಡೂಯಿನ್ನರ ಚಹಾ ಗುಡಿಸಲುಗಳಿವೆ. ಕಲ್ಲಿನ ಗೋಡೆ, ಒಳಗೆ ಕಂಬಳಿ ಹಾಸಿದ ಕಟ್ಟೆ, ಗ್ಯಾಸ್ ಒಲೆ. ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ, ಸಕ್ಕರೆ ಜಾಸ್ತಿ, ಬೆಟ್ಟದ ಸೊಪ್ಪಿನ ಘಮ. ಬೇಡ ಅನ್ನಿಸಿದರೂ ಒಂದು ಕುಡಿಯಿರಿ. ಹಿಡಿದ ಬೆರಳು ಬೆಚ್ಚಗಾಗುತ್ತದೆ.

ಅರ್ಧ ದಾರಿಯಲ್ಲಿ ಚಿಕ್ಕಮ್ಮನಿಗೆ ಮಂಡಿ ಹಿಡಿಯಿತು, ಒಂಟೆ ಮಾಡಿದೆವು. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಹಾಗಾಗಿ ಹಿಂದಕ್ಕೆ ವಾಲಿ ಗೂಟ ಗಟ್ಟಿ ಹಿಡಿಯಬೇಕು, ಇಲ್ಲದಿದ್ದರೆ ಮುಂದಕ್ಕೆ ಮುಗ್ಗರಿಸುತ್ತೀರಿ. ಹತ್ತೋಕೆ ಒಂಟೆ ಸರಿ. ಇಳಿಯೋಕೆ ಬೇಡ, ಇಳಿಜಾರಲ್ಲಿ ಸೊಂಟಕ್ಕೆ ಏಟು ಜಾಸ್ತಿ.

ಮೆಟ್ಟಿಲ ದಾರಿಯಲ್ಲಿ ಹೋದವರಿಗೆ ಎರಡು ಕಲ್ಲಿನ ಕಮಾನು ಸಿಗುತ್ತವೆ. ಬೆಳಗ್ಗೆ ತಲೆಬುರುಡೆ ಮನೆಯಲ್ಲಿ ಕಂಡ ಸ್ಟೀಫನ್ ಕೂರುತ್ತಿದ್ದರು ಅನ್ನುವ ಜಾಗ ಇದೇ ದಾರಿಯಲ್ಲಿದೆ. ಕಮಾನಿನ ಕೆಳಗೆ ನಿಂತು ಹಿಂದೆ ತಿರುಗಿದರೆ ಮಠ ಅಂಗೈಯಷ್ಟಾಗಿ ಕಾಣುತ್ತದೆ.

ಎರಡೂ ದಾರಿ ಸೇರುವ ಕಡೆ, ತುದಿಗಿಂತ ಸ್ವಲ್ಪ ಕೆಳಗೆ, ಬಟ್ಟಲಿನಂಥ ತಗ್ಗು ಇದೆ. ಎಲೀಯನ ತಾಣ ಅಂತಾರೆ. ಹಳೇ ಸೈಪ್ರೆಸ್ ಮರ, ಸಣ್ಣ ಗುಡಿ. ಪ್ರವಾದಿ ಎಲೀಯ ಪ್ರಾಣಭಯದಿಂದ ಓಡಿಬಂದು ಅಡಗಿದ್ದು ಇಲ್ಲೇ ಅಂತ ನಂಬಿಕೆ. ಮೊದಲು ಬಿರುಗಾಳಿ ಬಂತು, ಅದರಲ್ಲಿ ದೇವರಿರಲಿಲ್ಲ. ಭೂಕಂಪ ಆಯಿತು, ಅದರಲ್ಲೂ ಇರಲಿಲ್ಲ. ಬೆಂಕಿಯಲ್ಲೂ ಇರಲಿಲ್ಲ. ಕೊನೆಗೆ ಒಂದು ಮೆಲ್ಲನೆಯ ದನಿ ಕೇಳಿಸಿತು. ಇಲ್ಲಿ ಹತ್ತು ನಿಮಿಷ ಯಾರೂ ಮಾತಾಡದೆ ಕೂತುಕೊಳ್ಳಿ. ಗಾಳಿ ನಿಂತಾಗ ನಿಮ್ಮ ಕಿವಿಯೊಳಗಿನ ರಕ್ತ ಓಡುವುದು ಕೇಳಿಸುತ್ತದೆ.

ಕೊನೆಯ 750 ಮೆಟ್ಟಿಲಿಗೆ ಚಿಕ್ಕಮ್ಮ ಒಂದು ಗಂಟೆ ತಗೊಂಡರು. ಇಪ್ಪತ್ತು ಮೆಟ್ಟಿಲು ಹತ್ತುವುದು, ನಿಲ್ಲುವುದು. ಅಷ್ಟೇ ಉಪಾಯ. ‘ಚಿಕ್ಕಮ್ಮ, ಸಾಕಾ? ಇಲ್ಲೇ ಕೂರೋಣ್ವಾ?’ ಅಂದೆ. ‘ಅಮ್ಮನವರ ಬೆಟ್ಟದಲ್ಲಿ ಯಾವತ್ತಾದರೂ ಅರ್ಧಕ್ಕೆ ಇಳಿದಿದ್ದೀನೇನೇ?’ ಅಂದರು.

ತುದಿಯಲ್ಲಿ

ಮೇಲೆ 1934ರಲ್ಲಿ ಕಟ್ಟಿದ ಪುಟ್ಟ ಚರ್ಚು ಇದೆ, ಹಳೇ ಚರ್ಚಿನ ಕಲ್ಲುಗಳನ್ನೇ ಬಳಸಿದ್ದಾರೆ. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಪಕ್ಕದಲ್ಲೇ ಸಣ್ಣ ಮಸೀದಿ. ಜಾಗ ಚಿಕ್ಕದು, ಅಂಚಿಗೆ ಎಲ್ಲ ಕಡೆ ಕಟ್ಟೆ ಇಲ್ಲ. ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಹಿಂದೆ ಸರಿಯಬೇಡಿ. ಹೋದ ತಕ್ಷಣ ಒಣ ಬನಿಯನ್ ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ, ಚರ್ಚಿನ ಗೋಡೆಗೆ ಒರಗಿ ಕೂತುಕೊಳ್ಳಿ. ಚಳಿ ತಡೆಯದವರಿಗೆ ಗುಡಿಸಲುಗಳಲ್ಲಿ ಕಂಬಳಿ ಬಾಡಿಗೆಗೆ ಕೊಡುತ್ತಾರೆ.

ಸೂರ್ಯ ಇಳಿಯುವಾಗ ಆಕಾಶಕ್ಕಿಂತ ಕಲ್ಲುಗಳನ್ನು ನೋಡಿ. ಬೂದು ಬಣ್ಣದ ಬೆಟ್ಟ ಮೊದಲು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಇಟ್ಟಿಗೆ ಕೆಂಪು, ಆಮೇಲೆ ನೇರಳೆ. ಒಂದರ ಹಿಂದೆ ಒಂದು ಸಾಲು ಬೆಟ್ಟಗಳು ಒಂದೊಂದೇ ಆರಿದ ಹಾಗೆ ಕಪ್ಪಾಗುತ್ತವೆ. ನೈರುತ್ಯದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಕಾಣುತ್ತದಲ್ಲ, ಅದು ಜೆಬೆಲ್ ಕತ್ರೀನಾ. 2,600 ಮೀಟರಿಗೂ ಜಾಸ್ತಿ, ಈಜಿಪ್ಟಿನಲ್ಲೇ ಅತಿ ಎತ್ತರದ್ದು. ಸಂತ ಕ್ಯಾಥರೀನಳ ದೇಹವನ್ನು ದೇವದೂತರು ತಂದಿಟ್ಟರು ಅನ್ನುವುದು ಅಲ್ಲಿಗೇ. ಇನ್ನೊಂದು ದಿನ ಇದ್ದವರು, ಚೆನ್ನಾಗಿ ನಡೆಯುವವರು ಗೈಡ್ ಜೊತೆ ಅದನ್ನೂ ಹತ್ತಬಹುದು. ಪೂರ್ತಿ ದಿನದ ಕೆಲಸ.

ನಾವು ಹೋದ ದಿನ ನಮ್ಮ ಪಕ್ಕ ಕೈರೋದಿಂದ ಬಂದ ಒಂದು ಕುಟುಂಬ ಕೂತಿತ್ತು. ಸೂರ್ಯ ಮುಳುಗಿದ ಮೇಲೆ ಅಪ್ಪ ಮಗ ಒಂದು ಕಡೆ ನಮಾಜಿಗೆ ನಿಂತರು. ಇನ್ನೊಂದು ಕಡೆ ಗ್ರೀಸಿನ ನಾಲ್ಕು ಹೆಂಗಸರು ಮೆಲ್ಲಗೆ ಹಾಡುತ್ತಿದ್ದರು. ಚಿಕ್ಕಮ್ಮ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರು. ಏನು ಬೇಡಿಕೊಂಡಿರಿ ಅಂತ ನಾನು ಕೇಳಲಿಲ್ಲ.

ಇಳಿಯುವುದು

ಬೆಳಕು ಪೂರ್ತಿ ಹೋಗುವ ಮುಂಚೆ ಆ 750 ಮೆಟ್ಟಿಲು ಇಳಿದು ಮುಗಿಸಿ. ಇಡೀ ದಾರಿಯಲ್ಲಿ ಕಾಲು ಜಾರುವುದು ಇಲ್ಲೇ ಜಾಸ್ತಿ. ಕಲ್ಲುಗಳು ಸವೆದು ನುಣುಪಾಗಿವೆ, ಮೇಲೆ ಮರಳು ಬೇರೆ. ಅಡ್ಡಪಾದ ಇಟ್ಟು, ಕೋಲು ಮೊದಲು ಊರಿ, ಆಮೇಲೆ ಕಾಲು. ಎಲೀಯನ ತಾಣದ ಹತ್ತಿರ ಬಂದ ಮೇಲೆ ಹೆಡ್‌ಲ್ಯಾಂಪ್ ಹಾಕಿಕೊಂಡು ಒಂಟೆ ದಾರಿ ಹಿಡಿದರೆ ಆಮೇಲೆ ಆತುರವಿಲ್ಲ. ಎರಡು ಗಂಟೆ, ಎರಡೂವರೆ ಗಂಟೆ. ನಡುವೆ ಒಂದು ಕಡೆ ದೀಪ ಆರಿಸಿ ತಲೆ ಎತ್ತಿ ನೋಡಿ.

ನೀರಿನ ಬಾಟಲಿ, ಚಿಕ್ಕಿಯ ಕವರ್ ಎಲ್ಲ ವಾಪಸ್ ಚೀಲಕ್ಕೆ. ಬೆಟ್ಟದಲ್ಲಿ ಕಸ ಗುಡಿಸುವವರು ಇಲ್ಲ, ಒಂಟೆ ಮೇಲೆ ಹೇರಿ ಇಳಿಸಬೇಕು. ಗೈಡ್‌ಗೆ ಮಾತಾಡಿದ ಹಣದ ಮೇಲೆ ಸ್ವಲ್ಪ ಭಕ್ಷೀಸು ಕೈಗೆ ಕೊಡಿ. ಕ್ಯಾಂಪಿನವರಿಗೆ ಬರುವುದು ತಡ ಅಂತ ಮುಂಚೆಯೇ ಹೇಳಿದ್ದರೆ ಬಿಸಿ ಬೇಳೆ ಸೂಪು ಎತ್ತಿಟ್ಟಿರುತ್ತಾರೆ. ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂತು ಅದನ್ನು ಕುಡಿಯಿರಿ.

ಮಾರನೇ ದಿನ ಕಾಲು ಹಿಡಿದುಕೊಂಡಿರುತ್ತದೆ, ಬೇಗ ಹೊರಡಬೇಡಿ. ಊರಿನ ಹಿಂದಿನ ಕಣಿವೆಗಳಲ್ಲಿ ಜೆಬೆಲಿಯಾದವರ ತೋಟಗಳಿವೆ. ಕಲ್ಲಿನ ಬೇಲಿಯೊಳಗೆ ಬಾದಾಮಿ, ದಾಳಿಂಬೆ, ಅಂಜೂರ. ಗೈಡ್‌ನ್ನು ಕೇಳಿದರೆ ತಮ್ಮದೋ ನೆಂಟರದ್ದೋ ತೋಟಕ್ಕೆ ಕರೆದುಕೊಂಡು ಹೋಗುತ್ತಾರೆ. ಅರ್ಧ ಗಂಟೆಯ ಸಮತಟ್ಟು ನಡಿಗೆ, ನೋಯುವ ಕಾಲಿಗೆ ಒಳ್ಳೆಯದು. ಮರದ ಕೆಳಗೆ ಇನ್ನೊಂದು ಲೋಟ ಚಹಾ ಕುಡಿದು, ಮಧ್ಯಾಹ್ನ ಕಾರು ಹಿಡಿದರೆ ಸಂಜೆಯೊಳಗೆ ದಹಾಬ್‌ನಲ್ಲಿರುತ್ತೀರಿ.